ಸ್ಲಾವ್ಕಾಳ ದಾರಿಗೆ ಅಡ್ಡ ಬಿದ್ದ ದಿಮ್ಮಿ

ನನ್ನ ತಂಗಿ ಸ್ಲಾವ್ಕಾ ನಮ್ಮ ಕಣಿವೆಯ ಹಾಲಿನ ಲಾರಿ ಓಡಿಸುತ್ತಾಳೆ. ಹಿಮ ಬಿದ್ದ ದಿನವೂ ನಮ್ಮೂರು ಏಳುವುದು ಅವಳ ಹಾರ್ನ್ ಕೇಳಿಯೇ. ಗುಡ್ಡದಾಚೆಯ ಬ್ರೆದಾ ಇಪ್ಪತ್ತು ವರ್ಷದಿಂದ ಅವಳ ಜೊತೆಗಿದ್ದಾಳೆ. ಊರಿನವರ ಬಾಯಲ್ಲಿ ಮಾತ್ರ ಅವಳು 'ಸ್ಲಾವ್ಕಾ ಮನೆಯ ಬಾಡಿಗೆಯವಳು'. ಎಂಥ ಬಾಡಿಗೆ, ನನ್ನ ತಲೆ.

ಸ್ಲೊವೇನಿಯಾದಲ್ಲಿ ಕಾನೂನು ಬದಲಾಗಿ, ಹೆಂಗಸರಿಬ್ಬರು ಮದುವೆಯಾಗಬಹುದು ಎಂದಾಯಿತು. ಇಬ್ಬರ ಮದುವೆಗೆ ದಿನ ಗೊತ್ತಾದದ್ದೇ ಸ್ಲಾವ್ಕಾ ಹಠ ಹಿಡಿದಳು. ಬ್ರೆದಾ ಹಿಂದಿನ ದಿನವೇ ತವರಿಗೆ ಹೋಗಿ, ಬೆಳಿಗ್ಗೆ ಅಲ್ಲಿಂದ ದಿಬ್ಬಣ ತರಬೇಕಂತೆ.

"ಹುಚ್ಚಾ ನಿಂಗೆ? ಒಂದೇ ಮನೇಲಿ ಇದ್ದೀರಲ್ಲೇ," ಅಂದೆ.

"ಹೆಣ್ಣು ಕರ್ಕೊಂಡು ಹೋಗೋಕೆ ಬೇರೆ ಊರಿಂದ ಬಂದ ಗಂಡಿಗೆ ನಮ್ ಹುಡುಗ್ರು ದಾರಿಗೆ ದಿಮ್ಮಿ ಅಡ್ಡ ಹಾಕಿ, ಗರಗಸ ಕೊಟ್ಟು ಕೊಯ್ಯಿಸ್ತಾರಲ್ವಾ ಅಕ್ಕಾ. ನಂಗೂ ಹಾಕ್ತಾರಾ ನೋಡ್ಬೇಕು."

ಹಾಕಿದರೆ ಮದುವೆ, ಇಲ್ಲದಿದ್ದರೆ ಬರೀ ಕಾಗದ. ನಮ್ಮೂರಿನ ಲೆಕ್ಕವೇ ಅದು.

ಮದುವೆಯ ಬೆಳಿಗ್ಗೆ ಅವಳ ಮನೆ ಮುಂದಿನ ತಿರುವಿನಲ್ಲಿ ನಮ್ಮೂರ ಹುಡುಗ ಬೋರುತ್ ಮತ್ತವನ ಪಟಾಲಂ ನಿಂತಿತ್ತು. ದಿಮ್ಮಿಯೂ ಇತ್ತು, ಆದರೆ ತೋಳಿನಷ್ಟೇ ದಪ್ಪದ್ದು. ಬ್ರೆದಾ ಕಾರಿನಿಂದ ಇಳಿದಳು. ಬೋರುತ್ ನಾಚಿ ತಲೆ ಕೆರೆದುಕೊಂಡ.

"ನಿಮ್ಗ್ಯಾಕೆ ಬ್ರೆದಕ್ಕಾ ಗರಗಸ? ಹೋಗಿ ಹೋಗಿ," ಎಂದು ದಿಮ್ಮಿ ಸರಿಸಹೋದ.

"ಏಯ್, ಮುಟ್ಬೇಡ ಅದನ್ನ," ಬಾಗಿಲಲ್ಲಿದ್ದ ಸ್ಲಾವ್ಕಾ ಗದರಿದಳು. "ನಿನ್ನಕ್ಕನ್ನ ಕರ್ಕೊಂಡು ಹೋಗೋಕೆ ನಿನ್ ಭಾವ ಬಂದಾಗ ಎಂಥದು ಹಾಕಿದ್ದೆ?"

"ಅದು... ತಬ್ಬಿದ್ರೂ ಕೈಗೆ ಸಿಗ್ತಿರ್ಲಿಲ್ಲ."

"ಮತ್ತೆ ನಾನೇನು ಬಿಟ್ಟಿ ಬಿದ್ದಿದ್ದೀನಾ? ಅಂಥದ್ದೇ ತಗೊಂಡ್ ಬಾ."

ಹುಡುಗರು ಕೇಕೆ ಹಾಕುತ್ತ ಅಷ್ಟೇ ದಪ್ಪದ ದಿಮ್ಮಿ ಉರುಳಿಸಿ ತಂದರು. ಬ್ರೆದಾ ಕೋಟು ಬಿಚ್ಚಿ ನನ್ನ ಕೈಗಿತ್ತಳು. "ಕಟ್ಕೊಳ್ಳೋಕೆ ಮುಂಚೆನೇ ನನ್ನ ಸೊಂಟ ಮುರೀತಾಳೆ ನಿನ್ ತಂಗಿ," ಎಂದು ಗೊಣಗುತ್ತಲೇ ಗರಗಸ ಹಿಡಿದಳು.

ಕೊಯ್ದೇ ಕೊಯ್ದಳು. ಊರೆಲ್ಲ ಸೇರಿತು. ಬಾಡಿಗೆಯವಳು ಎಂಬ ಹೆಸರಿಟ್ಟವಳೇ ಬೋರುತ್‌ನ ಅಮ್ಮ. ಅವಳೂ ವೈನಿನ ಲೋಟ ಹಿಡಿದು ಬಂದಳು.

"ಸರೀರೋ ಆ ಕಡೆ. ನಮ್ಮೂರ ಅಳಿಯಂಗೆ ಬಾಯಾರಿದೆ."

"ಅಳಿಯ ಅಲ್ಲಮ್ಮ, ಸೊಸೆ," ಅಂದ ಬೋರುತ್.

"ಎಂಥದೋ ಒಂದು. ನಮ್ಮೋಳು ತಾನೇ," ಎಂದು ಬ್ರೆದಾಳ ಬಾಯಿಗೇ ಲೋಟ ಹಿಡಿದಳು.

ದಿಮ್ಮಿ ಎರಡಾಗಿ ಬಿತ್ತು. ಬೆವರಿನಲ್ಲಿ ತೊಯ್ದ ಬ್ರೆದಾಳ ತೋಳು ಹಿಡಿದು ಸ್ಲಾವ್ಕಾ ಎಲ್ಲರ ಮುಂದೆ ನಡೆದಳು. ನನ್ನ ತಂಗಿ ಅಳುವುದನ್ನು ನಾನು ನೋಡಿದ್ದು ಅವತ್ತೇ. ಗದ್ದ ಮಾತ್ರ ಎತ್ತಿದಂತೆಯೇ ಇತ್ತು.