ಪೆಟ್ಟಿಗೆ ಒಯ್ಯತಕ್ಕದ್ದು

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲಿನ ಮಾತು. ನಾನಾಗ ಧಾರವಾಡದ ಒಂದು ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿದ್ದು ಆರನೆಯ ಇಯತ್ತೆ ಓದುತ್ತಿದ್ದೆ. ನಮ್ಮೂರು ಹುಬ್ಬಳ್ಳಿ ಹತ್ತಿರದ ಸುಳ್ಳ. ಅಪ್ಪ ಒಕ್ಕಲುತನದ ಜೊತೆಗೆ ಹತ್ತಿ ವ್ಯಾಪಾರ ಮಾಡುತ್ತಿದ್ದ. ಮಗಳನ್ನು ಓದಿಸಬೇಕೆಂಬ ಹುಚ್ಚು ಅವನಿಗೆ. ಆದರೆ ಮನೆಯ ಯಜಮಾನಿಕೆ ಅಜ್ಜಿಯ ಕೈಯಲ್ಲಿತ್ತು. ಅಪ್ಪ ತಿಂಗಳುಗಟ್ಟಲೆ ಗೋಗರೆದ ಮೇಲೆ ಅವಳು ಒಪ್ಪಿದ್ದಳು, ಅದೂ ಕರಾರಿನ ಮೇಲೆ. "ಹುಡುಗಿಗೆ ಒಂದ್ ಸಣ್ಣ ಕುಂದು ಬಂತು ಅಂದ್ರ ಅವತ್ತಿಗೆ ಸಾಲಿ ಬಂದ್" ಅಂದಿದ್ದಳು. ಹೀಗಾಗಿ ನೆಗಡಿಯಾದರೂ ಊರಿಗೆ ಸುದ್ದಿ ಮುಟ್ಟದಂತೆ ನಾನು ನೋಡಿಕೊಳ್ಳುತ್ತಿದ್ದೆ.

ನಮ್ಮ ಬೋರ್ಡಿಂಗಿನ ಸುಪರಿಂಟೆಂಡೆಂಟ್ ಸಾಹೇಬರು ಕೆಟ್ಟ ಮನುಷ್ಯರಲ್ಲ. ಆದರೆ ಕೈಗೆ ಲೇಖನಿ ಬಂತೆಂದರೆ ಮನುಷ್ಯರಂತೆ ಮಾತಾಡುವುದನ್ನೇ ಮರೆತುಬಿಡುತ್ತಿದ್ದರು. ಊಟದ ಹೊತ್ತು ಅರ್ಧ ಗಂಟೆ ತಡವಾದರೂ "ಸದರಿ ಭೋಜನವು" ಎಂದು ಒಂದು ಸೂಚನೆ ಹೊರಡುತ್ತಿತ್ತು. ಇನ್ನೊಂದು ಚಾಳಿ ಇತ್ತು ಅವರಿಗೆ. ಕಾರಣವನ್ನು ಒಂದೇ ಸಲ ಬರೆದು, ಅದಕ್ಕೊಂದು ನಂಬರು ಕೊಟ್ಟು ಬೋರ್ಡಿಂಗಿನ ಫಲಕಕ್ಕೆ ಅಂಟಿಸುವರು. ಆಮೇಲೆ ಯಾರಿಗೆ ಬರೆದರೂ ಬರೀ ನಂಬರು. ಫಲಕ ಇರುವುದು ಧಾರವಾಡದಲ್ಲಿ, ಕಾಗದ ಓದುವವರು ಇರುವುದು ಹಳ್ಳಿಯಲ್ಲಿ ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ನಾವು ಹುಡುಗಿಯರು ಆ ಸೂಚನೆಗಳನ್ನು ಅವರ ದನಿಯಲ್ಲಿ ಓದಿ ಬಿದ್ದುಬಿದ್ದು ನಗುತ್ತಿದ್ದೆವು.

ಆ ವರ್ಷ ಬೋರ್ಡಿಂಗಿನ ಬಾವಿಯ ನೀರು ಕೆಟ್ಟಿತು. ಬಾವಿ ತೊಳೆಸುವ ತನಕ ಎಂಟು ದಿನ ಎಲ್ಲರೂ ಊರಿಗೆ ಹೋಗಿ ಎಂದರು. ನಮಗೋ ಹಬ್ಬವೇ ಹಬ್ಬ! ಪಾಲಕರಿಗೆ ಕಾರ್ಡುಗಳು ಅಂದೇ ಟಪಾಲಿಗೆ ಬಿದ್ದವು. ಆದರೆ ಹುಡುಗಿಯರ ಜೊತೆ ಹೋಗುವವರು ಸಿಗಬೇಕಲ್ಲ, ನನ್ನ ಸರದಿ ಬರಲು ಮತ್ತೆರಡು ದಿನ ಹಿಡಿಯಿತು. ಕೊನೆಗೆ ಬೋರ್ಡಿಂಗಿನ ಸಿಪಾಯಿ ರಾಮಣ್ಣನ ಜೊತೆ ನನ್ನನ್ನು ಹುಬ್ಬಳ್ಳಿ ಮೋಟಾರು ಹತ್ತಿಸಿದರು. ಕೈಯಲ್ಲೊಂದು ಸಣ್ಣ ಗಂಟು, ಬಾಯಲ್ಲಿ ಹಾಡು.

ಅದೇ ಬೆಳಿಗ್ಗೆ ಊರಲ್ಲಿ ನಡೆದದ್ದನ್ನು ಅವ್ವ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ಅಲ್ಲೇ ನಿಂತು ನೋಡಿದೆನೇನೋ ಎನ್ನಿಸುತ್ತದೆ. ಟಪಾಲಿನ ಭೀಮಪ್ಪ ದಿನವೂ ಸೀದಾ ಪಡಸಾಲೆಗೆ ಬಂದು, ನೀರು ಕುಡಿದು, ಕಾಗದ ತಾನೇ ಓದಿ ಹೇಳಿ ಹೋಗುವವನು. ಅಂದು ಹೊಸ್ತಿಲು ದಾಟಲಿಲ್ಲ. "ಗೌಡ್ರ, ಸ್ವಲ್ಪ ಹೊರಗ ಬರ್ರಿ" ಎಂದು ಅಪ್ಪನನ್ನು ಅಂಗಳಕ್ಕೆ ಕರೆದ. ನಮ್ಮ ಕಡೆ ಕಾಗದ ಬರೆದರೆ ತಲೆಯ ಮೇಲೆ ಶ್ರೀಕಾರ, ಕೆಳಗೆ 'ಎಲ್ಲರೂ ಕ್ಷೇಮ' ಎಂಬ ಮಾತು ಇರಲೇಬೇಕು. ಎರಡೂ ಇಲ್ಲದೆ ಬರುವುದು ಸಾವಿನ ಸುದ್ದಿಯ ಕಾಗದ ಮಾತ್ರ. ಅದನ್ನು ಮನೆಯೊಳಗೆ ತರುವುದಿಲ್ಲ, ಓದಿದ ಕೂಡಲೇ ಹರಿದು ಹಾಕುತ್ತಾರೆ. ಸಾಹೇಬರ ಕಾರ್ಡಿನಲ್ಲಿ ಶ್ರೀಯೂ ಇರಲಿಲ್ಲ, ಕ್ಷೇಮವೂ ಇರಲಿಲ್ಲ. ಇದ್ದದ್ದು ಇಷ್ಟು:

"ಸೂಚನೆ ನಂ. ೪೭ರಲ್ಲಿ ಕಾಣಿಸಿದ ಕಾರಣದಿಂದ ಸದರಿ ವಿದ್ಯಾರ್ಥಿನಿ ಕುಮಾರಿ ನೀಲವ್ವ ಇವಳ ಹೆಸರನ್ನು ಬೋರ್ಡಿಂಗಿನ ಹಾಜರಿ ಪಟದಿಂದ ಕಡಿಮೆ ಮಾಡಲಾಗಿದೆ ಎಂದು ತಿಳಿಸಲು ಅತ್ಯಂತ ವಿಷಾದವೆನಿಸುತ್ತದೆ. ಸದರಿಯವಳ ಹಾಸಿಗೆ, ಪೆಟ್ಟಿಗೆ, ತಂಬಿಗೆ ಇವುಗಳನ್ನು ಪಾಲಕರು ಖುದ್ದಾಗಿ ಬಂದು ಒಯ್ಯತಕ್ಕದ್ದು. ವಿಳಂಬವಾದಲ್ಲಿ ಕಚೇರಿಯು ಜವಾಬ್ದಾರಿಯಲ್ಲ."

ಹಾಸಿಗೆ ಒಯ್ಯಿರಿ, ಪೆಟ್ಟಿಗೆ ಒಯ್ಯಿರಿ. ಹುಡುಗಿಯ ಮಾತೇ ಇಲ್ಲ! ಅವ್ವ ಬೋರಾಡಿ ಅಳತೊಡಗಿದಳು. ಓಣಿಯೆಲ್ಲ ಬಂದು ಅಂಗಳ ತುಂಬಿತು. "ಹರದ್ ಒಗೀಪಾ ಅದನ್ನ" ಎಂದು ಅಜ್ಜಿ ಕೂಗಿದಳು. ಅಪ್ಪ ಹರಿಯಲಿಲ್ಲ. "ನನ್ನ ಕಣ್ಣೀಲೆ ಕಾಣೂತನಾ ಹರಿಯೂದಿಲ್ಲ" ಎಂದವನೇ ಕಾರ್ಡನ್ನು ಕಿಸೆಗೆ ಹಾಕಿಕೊಂಡ. ಕಾಕಾ ಚಕ್ಕಡಿ ಹೂಡಿದ. ಹುಬ್ಬಳ್ಳಿ ಮುಟ್ಟುವ ತನಕ ಎತ್ತುಗಳನ್ನು ಓಡಿಸಿಯೇ ಓಡಿಸಿದ್ದಂತೆ. ಅಲ್ಲಿ ಧಾರವಾಡದ ಮೋಟಾರು ತುಂಬಿ ಹೊರಡುತ್ತಿತ್ತು. ಅಪ್ಪ ಅದರ ಮುಂದೆ ಅಡ್ಡ ನಿಂತ. "ನನ್ನ ಮ್ಯಾಲೆ ಹಾಯಿಸ್ಕೊಂಡು ಹೋಗ್ರಿ, ಇಲ್ಲಾ ಹತ್ತಿಸ್ಕೋರಿ" ಅಂದನಂತೆ. ಒಳಗಿದ್ದವರೇ ಸರಿದು ಅಪ್ಪ, ಕಾಕಾ ಇಬ್ಬರಿಗೂ ಜಾಗ ಮಾಡಿಕೊಟ್ಟರು.

ಇತ್ತ ನಮ್ಮ ಮೋಟಾರು ರಾಯಾಪುರದಲ್ಲಿ ನೀರು ಹಾಕಿಸಿಕೊಳ್ಳಲು ನಿಂತಿತ್ತು. ರಸ್ತೆ ಪಕ್ಕ ಒಬ್ಬಾಕೆ ಬುಟ್ಟಿಯಲ್ಲಿ ಪೇರಲಹಣ್ಣು ಇಟ್ಟುಕೊಂಡು ಕೂತಿದ್ದಳು. ರಾಮಣ್ಣನನ್ನು ಕಾಡಿ ಒಂದು ಹಣ್ಣು ಕೊಡಿಸಿಕೊಂಡು ನಾನು ಕಚ್ಚುತ್ತಿದ್ದೆ. ಆಗ ಎದುರಿನಿಂದ ಇನ್ನೊಂದು ಮೋಟಾರು ಬಂದು ಅಲ್ಲೇ ನಿಂತಿತು. ಕಿಟಕಿಯಲ್ಲಿ ಅಪ್ಪ! ತಲೆಯ ಮೇಲೆ ರುಮಾಲಿಲ್ಲ. ರುಮಾಲು ಸುತ್ತದೆ ಅಪ್ಪ ಹಿತ್ತಲಿಗೂ ಹೋದವನಲ್ಲ. ನನಗೆ ಅದೆಲ್ಲ ಎಲ್ಲಿ ಹೊಳೆಯಬೇಕು? ಎಂಟು ದಿನದ ರಜೆಯ ಖುಷಿಯಲ್ಲಿ "ಅಪ್ಪಾ! ನಾ ಇಲ್ಲೇ ಅದೇನಿ!" ಎಂದು ಕುಣಿಯುತ್ತ ಓಡಿದೆ.

ಅಪ್ಪ ಕೆಳಗಿಳಿದು ನನ್ನನ್ನೇ ನೋಡಿದ. ಮುಟ್ಟಲಿಲ್ಲ. ಕಾಕಾ ಮಾತ್ರ ನನ್ನ ಹೆಗಲು ಹಿಡಿದು ಅಲುಗಾಡಿಸಿ ಅಲುಗಾಡಿಸಿ ನೋಡುತ್ತಿದ್ದ. ಅಪ್ಪ ನನ್ನ ಕೈಯಲ್ಲಿದ್ದ ಹಣ್ಣನ್ನು ನೋಡಿ ಕೇಳಿದ.

"ಏನ್ ತಿನ್ನಾಕತ್ತೀದಿ?"

"ಪ್ಯಾರಲ ಹಣ್ಣಪಾ."

"ಉಪ್ಪು ಖಾರ ಹಚ್ಚಿಸ್ಕೊಂಡೀಯೇನ?"

ಇಷ್ಟು ಕೇಳಿದವನೇ ರಸ್ತೆಯ ಮಣ್ಣಿನಲ್ಲಿ ಕೂತುಬಿಟ್ಟ. ಎರಡೂ ಮೋಟಾರಿನ ಮಂದಿ ನೋಡುತ್ತಿದ್ದಂತೆ ಬಿಕ್ಕಿಬಿಕ್ಕಿ ಅತ್ತ. ಕಾಕಾ ಹೇಳಿದ ಮೇಲೆಯೇ ನಾನು ಸತ್ತಿದ್ದೆ ಎಂಬುದು ನನಗೆ ಗೊತ್ತಾದದ್ದು.

ಊರಿಗೆ ಹೋದಾಗ ನಡೆದದ್ದನ್ನು ಏನೆಂದು ಬರೆಯಲಿ! ಊರ ಅಗಸಿಬಾಗಿಲಿನಿಂದಲೇ ಕಾಕಾ "ಹುಡುಗಿ ಆರಾಮ ಅದಾಳೋ!" ಎಂದು ಕೂಗುತ್ತ ಚಕ್ಕಡಿ ಹೊಡೆದ. ಅವ್ವ ಬರಿಗಾಲಲ್ಲಿ ಓಡಿಬಂದು ನನ್ನನ್ನು ಚಕ್ಕಡಿಯಿಂದ ಎಳೆದುಕೊಂಡಳು. ಅಳಲು ಬಂದಿದ್ದವರೆಲ್ಲ ಬೆಲ್ಲ ತಿಂದು ಹೋದರು. ಆದರೆ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ತನ್ನ ತೀರ್ಪು ಹೇಳಿಬಿಟ್ಟಳು. "ಮುಗೀತು. ಅಂಥಾ ಕಾಗದ ಬರಿಯೂ ಮಂದಿ ಕೈಯಾಗ ನನ್ನ ಮೊಮ್ಮಗಳನ್ನ ಬಿಡೂದಿಲ್ಲ." ನಾನು ಅತ್ತೆ, ಉಣ್ಣದೆ ಕೂತೆ, ಕಾಲಿಗೆ ಬಿದ್ದೆ. ಅಜ್ಜಿ ಜಗ್ಗಲಿಲ್ಲ. ಅಪ್ಪನೂ ಈ ಸಲ ಗೋಗರೆಯಲು ಹೋಗಲಿಲ್ಲ.

ಎಂಟು ದಿನ ಕಳೆದ ಮೇಲೆ ನನ್ನ ಹೆಸರು ಕಾಯಂ ತೆಗೆಸಿ ಪೆಟ್ಟಿಗೆ ತರಲು ಅಜ್ಜಿ ತಾನೇ ಹೊರಟಳು. ಜೊತೆಗೆ ಅಪ್ಪ, ಹಿಂದೆ ನಾನು. ಸಾಹೇಬರು ಕುರ್ಚಿ ತೋರಿಸಿದರು. ಅಜ್ಜಿ ಕೂಡಲಿಲ್ಲ. ಅಪ್ಪನ ಕಿಸೆಯಿಂದ ಕಾರ್ಡು ತೆಗೆಸಿ ಮೇಜಿನ ಮೇಲೆ ಇಡಿಸಿದಳು. "ಇದನ್ನ ಬರದವರು ನೀವೇನ್ರಿ?"

ಸಾಹೇಬರು ಚಷ್ಮಾ ಏರಿಸಿ ನೋಡಿದರು. "ಹೌದು, ನಾನೇ. ಇದರಾಗ ತಪ್ಪೇನದ? ರಜಾ ಇದ್ದಷ್ಟು ದಿನ ಹೆಸರು ಕಡಿಮೆ ಮಾಡೂದು, ಸಾಮಾನು ಒಯ್ಯಲಿಕ್ಕೆ ಹೇಳೂದು, ಎಲ್ಲಾ ನಿಯಮದ ಪ್ರಕಾರ ಅದ. ಕಾರಣ ನಲವತ್ತೇಳನೇ ಸೂಚನಾದಾಗ ಸ್ಪಷ್ಟ ಬರದೇನಿ."

"ನನಗ ಓದಾಕ ಬರೂದಿಲ್ರಿ. ನಿಮಗ ಮೊಮ್ಮಕ್ಕಳದಾರೇನು?"

"ಒಬ್ಬಾಕಿ ಇದ್ದಾಳ. ಶಾಂತಾ."

"ನಮ್ಮ ನೀಲವ್ವನ ಹೆಸರಿದ್ದಲ್ಲೆ ಆಕಿ ಹೆಸರ ಹಾಕಿ ಒಂದಸಲ ಓದ್ರಿ. ನಾ ಕೇಳ್ತೇನಿ."

ಅವರು ಎಂದಿನ ಗತ್ತಿನಲ್ಲಿಯೇ ಶುರು ಮಾಡಿದರು. "ಸದರಿ ವಿದ್ಯಾರ್ಥಿನಿ ಕುಮಾರಿ ಶಾಂತಾ ಇವಳ ಹೆಸರನ್ನು" ಎಂಬಲ್ಲಿ ದನಿ ಸಣ್ಣದಾಯಿತು. ಹಾಸಿಗೆ, ಪೆಟ್ಟಿಗೆ ಎಂಬಲ್ಲಿ ನಿಂತೇ ಹೋಯಿತು. ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಆಗೂದಿಲ್ಲ ತಾಯಿ, ಇದನ್ನ ಓದಲಿಕ್ಕೆ ಆಗೂದಿಲ್ಲ" ಅಂದರು.

"ಓದಾಕ ಆಗದ್ದನ್ನ ಬರಿಯೂದು ಹೆಂಗ ಆತರಿ?"

ಸಾಹೇಬರು ಕುರ್ಚಿಯಿಂದ ಎದ್ದು ಬಂದು ಅಜ್ಜಿಯ ಮುಂದೆ ನಿಂತರು. "ತಪ್ಪಾತರಿ ನನ್ನದು" ಎಂದರು. ಆ ದೊಡ್ಡ ಮನುಷ್ಯರ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ರಾಮಣ್ಣ ನನ್ನ ಪೆಟ್ಟಿಗೆ ಹೊತ್ತು ತಂದು ಬಾಗಿಲಲ್ಲಿ ಇಳಿಸಿದ. ನನ್ನ ಓದು ಅಲ್ಲಿಗೆ ಮುಗಿಯಿತು ಅಂದುಕೊಂಡು ನಾನು ಕಣ್ಣು ಮುಚ್ಚಿಕೊಂಡೆ.

"ಏ ತಮ್ಮಾ" ಅಂದಳು ಅಜ್ಜಿ, "ಆ ಪೆಟಗಿ ಮತ್ತ ಒಳಗ ಇಡು."

ನನಗೆ ನನ್ನ ಕಿವಿಗಳ ಮೇಲೇ ನಂಬಿಕೆ ಬರಲಿಲ್ಲ! ಹೊರಗೆ ಬಂದ ಮೇಲೆ ಅಪ್ಪ ಅಂಜುತ್ತಂಜುತ್ತ ಕಾರಣ ಕೇಳಿದ. "ಅಂವಾ ಬರೇ ಕಲ್ಲು ಅಂತ ತಿಳಕೊಂಡು ಬಂದಿದ್ನಿ" ಎಂದಳು ಅಜ್ಜಿ. "ಮೊಮ್ಮಗಳ ಹೆಸರ ಹಾಕಿ ಓದಾಕ ಅಂವನ ಕೈಲೆ ಆಗಲಿಲ್ಲ, ನೋಡಿದೇನು? ಅಂಥಾವರ ಹತ್ತರ ಹುಡುಗೀನ ಬಿಡಬಹುದು."

ಅವಳು ಹಾಕಿದ್ದು ಒಂದೇ ಕರಾರು. ವಾರಕ್ಕೊಮ್ಮೆ ಸಾಹೇಬರು ಸ್ವತಃ ಕಾರ್ಡು ಹಾಕಿ ಹುಡುಗಿ ಹೇಗಿದ್ದಾಳೆಂದು ತಿಳಿಸಬೇಕು. ಅವರು ತಪ್ಪದೆ ಹಾಕಿದರು. ಮೇಲೆ ದೊಡ್ಡದಾಗಿ ಶ್ರೀ, ಕೆಳಗೆ ಒಂದೇ ಸಾಲು: "ಸದರಿ ನೀಲವ್ವ ಆರಾಮ ಇದ್ದಾಳೆ." ಪಾಪ, ಆ 'ಸದರಿ'ಯನ್ನು ಬಿಡಲು ಮಾತ್ರ ಅವರಿಂದ ಕೊನೆಯ ತನಕ ಆಗಲಿಲ್ಲ. ಭೀಮಪ್ಪ ಅದನ್ನು ಪಡಸಾಲೆಯಲ್ಲಿ ಕೂತು ಓದಿ ಓದಿ, ಊರ ತುಂಬ ನಾನು 'ಸದರಿ ನೀಲವ್ವ' ಆಗಿಹೋದೆ. ರಜೆಗೆ ಬಂದಾಗ ಓಣಿಯ ಹುಡುಗರು ಹಾಗೇ ಕರೆಯುತ್ತಿದ್ದರು.

ಆಮೇಲೆ ನಾನು ಮ್ಯಾಟ್ರಿಕ್ ಮುಗಿಸಿದೆ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದೆ, ಪಾಲಕರಿಗೆ ನೂರಾರು ಕಾಗದ ಬರೆದೆ. ಪ್ರತಿ ಸಲವೂ ಬರೆದದ್ದನ್ನು ನನ್ನ ಮಗಳ ಹೆಸರು ಹಾಕಿ ಒಮ್ಮೆ ಮನಸ್ಸಿನಲ್ಲೇ ಓದಿ, ಓದಲು ಆದರೆ ಮಾತ್ರ ಟಪಾಲಿಗೆ ಹಾಕಿದ್ದೇನೆ. ಆದರೂ ಅಂದು ಆ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತ ಗಳಿಗೆ ನೆನಪಾದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಅಕ್ಷರ ಬಾರದ ನನ್ನ ಅಜ್ಜಿ ಅಂದು ಮನಸ್ಸು ಬದಲಿಸದೆ ಇದ್ದಿದ್ದರೆ, ಇದನ್ನು ಬರೆಯಲು ನನಗೂ ಬರುತ್ತಿರಲಿಲ್ಲ.