ಸೈಲೆನ್ಸರಿಗೊಂದು ಸ್ಟೀಲಿನ ತಾಟು

ಹೋದ ವಾರಕ್ಕೂ ಮುಂಚಿನ ಗುರುವಾರ ನನ್ನ ಬಲಗಾಲಿನ ಮೀನಖಂಡದ ಮೇಲೆ ಪಾನಿಪೂರಿಯಷ್ಟು ದೊಡ್ಡ ಗುಳ್ಳೆ ಎದ್ದಿತು. ಸುಟ್ಟಿದ್ದು ಒಲೆಯಲ್ಲ, ಎಣ್ಣೆಯಲ್ಲ. ನಮ್ಮ ಮನೆಯವರ ಬೈಕಿನ ಹೊಸ ಸೈಲೆನ್ಸರ್!

ಮೊದಲು ದೇವರಿಗೆ ಕೈ ಮುಗಿದುಬಿಡುತ್ತೇನೆ. ಸುಟ್ಟಿದ್ದು ಚರ್ಮ, ಸೀರೆಯಲ್ಲ. (ಚರ್ಮ ಮತ್ತೆ ಬರುತ್ತದೆ. ಆ ಇಳಕಲ್ ಸೀರೆ ಬರುತ್ತದೆಯೇ?) ಕೈಯಲ್ಲಿದ್ದ ನೈವೇದ್ಯದ ಡಬ್ಬಿ ಚೆಲ್ಲಲಿಲ್ಲ. ಬಾಯಿಂದ ಬಂದದ್ದೂ "ಹರಿ ಹರಿ" ಎಂದೇ. ಬೇರೆ ಏನಾದರೂ ಬರಬಹುದಿತ್ತು.

ನಮ್ಮ ಮನೆಯವರು ಭೂಮಾಪಕರು. ಹೊಲ ಅಳೆಯುವ ಕೆಲಸ. ಎರೆಮಣ್ಣಿನ ದಾರಿಯಲ್ಲಿ ಮಾಮೂಲಿ ಗಾಡಿ ಹೂತು ನಿಲ್ಲುತ್ತದೆ ಎಂದು ಹೊಲ, ಹಳ್ಳ, ಗುಡ್ಡ ಎಲ್ಲ ಹತ್ತುವ ಒಂದು ಎತ್ತರದ ತೆಳ್ಳನೆಯ ಬೈಕು ಇಟ್ಟಿದ್ದಾರೆ. ನೋಡಲು ಉಪವಾಸ ಬಿದ್ದ ಕುದುರೆಯ ಹಾಗಿದೆ. ಚಿಂಚೋಳಿಯ ಗುಡ್ಡದಲ್ಲಿ ಮಾತ್ರ ಕುದುರೆಗಿಂತ ಚೆನ್ನಾಗಿ ಓಡುತ್ತದೆ. ಅದೇ ಗಾಡಿಯ ಹಿಂದೆ ಕುಳಿತು ಪ್ರತಿ ಗುರುವಾರ ನಾನು ಸೇಡಂನಿಂದ ಮಳಖೇಡಕ್ಕೆ, ಗುರುಗಳ ಬೃಂದಾವನಕ್ಕೆ ಹೋಗುತ್ತೇನೆ. ಕುಳಿತು ಎಂದರೆ ಹೇಗೆ? ಎರಡೂ ಕಡೆ ಕಾಲು ಹಾಕಿ. ಗಂಡಸರ ಹಾಗೆ.

ಹುಟ್ಟಿನಿಂದ ಹಾಗೇ ಕುಳಿತವಳಲ್ಲ. ಒಂದು ಕಡೆಗೆ ಕುಳಿತೇ ವರ್ಷಗಟ್ಟಲೆ ತಿರುಗಿದ್ದೇನೆ. ಒಮ್ಮೆ ಮಳಖೇಡದ ದಾರಿಯ ಹಂಪ್ ಒಂದರಲ್ಲಿ ಗಾಡಿ ಹಾರಿತು, ನಾನು ಜಾರಿದೆ. ಹಿಂದೆ ಸಿಮೆಂಟಿನ ಲಾರಿ. ಆ ಡ್ರೈವರ್ ಬ್ರೇಕ್ ಹಾಕಿದ ಕಾರಣಕ್ಕೆ ಈ ಅಂಕಣ ಬರೆಯುತ್ತಿದ್ದೇನೆ. ಅವನ ಹೆಸರು ಗೊತ್ತಿಲ್ಲ. ಈಗಲೂ ಗುರುವಾರ ಅವನದೊಂದು ದೀಪ ಹೆಚ್ಚಿಗೆ ಹಚ್ಚುತ್ತೇನೆ. ಆವತ್ತೇ ತೀರ್ಮಾನ ಮಾಡಿದೆ: ಇನ್ನು ಈ ಕಡೆಗೊಂದು, ಆ ಕಡೆಗೊಂದು.

ಈಗ ಸೈಲೆನ್ಸರ್ ವಿಷಯ. ಹಳೆಯದು ಕೆಸರು ತಿಂದು ತಿಂದು ತುಕ್ಕು ಹಿಡಿದು ತೂತಾಗಿತ್ತು. ಕಂಪನಿಯದು ಸಿಗಲಿಲ್ಲ. ಮೆಕ್ಯಾನಿಕ್ ಖಾಜಾ ಹೊರಗಿನದೊಂದು ತರಿಸಿ ಕೂಡಿಸಿದ. ಹಗುರ, ಹೊಳಪು. ಮನೆಯವರಂತೂ ಮದುಮಗನ ಹಾಗೆ ಅದರ ಸುತ್ತ ತಿರುಗಿದರು. ಒಳಗೆ ಸದ್ದು ತಗ್ಗಿಸುವ ಬುಚ್ಚು ತೆಗೆದರೆ ಸೌಂಡ್ ಮಸ್ತ್ ಬರುತ್ತದೆ ಎಂದು ಖಾಜಾನ ಆಸೆ. "ಬುಚ್ಚು ತಗದ್ರ ನಾ ಹತ್ತೂದಿಲ್ಲ" ಎಂದೆ. ಅದು ಉಳಿಯಿತು. ಆದರೆ ನಾನು ನೋಡದೆ ಬಿಟ್ಟದ್ದು ಬೇರೆ. ಹಳೆಯ ಪೈಪಿನ ಮೇಲೆ ಕಾಲಿಗೆ ಬಿಸಿ ತಾಗದ ಹಾಗೆ ಒಂದು ಗಾರ್ಡ್ ಇತ್ತು. ಹೊಸದಕ್ಕೆ ಇರಲಿಲ್ಲ. ಈ ಗಾಡಿಯ ಸೈಲೆನ್ಸರ್ ಇರುವುದೂ ಎತ್ತರದಲ್ಲಿ, ಬಲಗಡೆ, ಸರಿಯಾಗಿ ನನ್ನ ಮೀನಖಂಡದ ಹತ್ತಿರ! ಗುರುಗಳ ಸೇವೆಗೆಂದು ಕಚ್ಚೆ ಸೀರೆ ಉಟ್ಟಿದ್ದೆ. ಗಾಳಿಗೆ ಸೀರೆ ಸರಿಯಿತು, ಕಾಲು ತಾಗಿತು.

ಅಂಗಡಿಗೆ ಹೋಗಿ ಕೇಳಿದರೆ ಖಾಜಾ ನನಗಿಂತ ಹೆಚ್ಚು ಗಾಬರಿಯಾದ.

"ಆ ಕಡಿ ಯಾರ್ ಕಾಲ್ ಇಡ್ತಾರ್ರಿ ಅಕ್ಕಾರ? ಹೆಣ್ಮಕ್ಕಳು ಈ ಕಡಿ ಕುಂದರ್ತಾರ. ನೋಡ್ರಿ, ಅದಕ್ಕs ಇಲ್ಲಿ ಸೀರಿ ಗಾರ್ಡ್ ಕೊಟ್ಟಾರ."

ನಿಜ! ಎಡಗಡೆ ಸೀರೆಗೆ ಜಾಲರಿ, ಕಾಲಿಡಲು ಹಲಗೆ. ನಾನು ಹೇಗೆ ಕೂರಬೇಕು ಎಂದು ಯಾರೋ ಎಲ್ಲೋ ಮೊದಲೇ ನಿರ್ಧರಿಸಿ ಬೋಲ್ಟು ಬಿಗಿದು ಕಳಿಸಿದ್ದಾರೆ. ನನ್ನನ್ನು ಕೇಳಿದ್ದರೇ?

ಮನೆಯಲ್ಲಿ ಪದ್ಮಕ್ಕ ಇದ್ದರು. ನಮ್ಮ ಮನೆಯವರ ಅಕ್ಕ. ಚಿತ್ತಾಪುರದಿಂದ ಬಂದು ಕೆಲವು ದಿನ ಉಳಿದಿದ್ದರು. ಗುಳ್ಳೆಗೆ ತುಪ್ಪ ಹಚ್ಚುತ್ತಲೇ ಶುರು ಮಾಡಿದರು.

"ಹೇಳಿದ್ದಿಲ್ಲೇನ್ ರುಕ್ಮಾ? ಗುರುಗಳ ಹತ್ರ ಹೋಗೂ ಹೆಣ್ಮಗಳು ಕಾಲ್ ಅಗಲಿಸಿ ಕುಂದರ್ತಾಳೇನು? ಅವರs ಬರಿ ಹಾಕಿ ಕಳಿಸ್ಯಾರ ನಿನಗ."

"ಅಕ್ಕಾ, ಕಚ್ಚಿ ಸೀರಿ ನಮ್ಮ ಅಜ್ಜಿಗೋಳು ಉಟ್ಟಿದ್ದು ಯಾಕ? ಕಾಲ್ ಬಿಡಿಬಿಡಿ ಆಡ್ಲಿ ಅಂತನ ಅಲಾ?"

"ದೇವಿನೂ ಹುಲಿ ಮ್ಯಾಲ ಒಂದs ಕಡಿಗೆ ಕಾಲ್ ಇಳಿಬಿಟ್ಟು ಕುಂತಾಳ. ಫೋಟೋದಾಗ ನೋಡಿಲ್ಲೇನ?"

"ಆಕೀಗೆ ಎಂಟು ಕೈ ಅವ ಅಕ್ಕಾ, ಹಿಡ್ಕೊಳ್ಳಿಕ್ಕೆ. ನನಗ ಎರಡು. ಒಂದ್ರಾಗ ನೈವೇದ್ಯದ ಡಬ್ಬಿ."

ಮನೆಯವರು ಪೇಪರಿನ ಹಿಂದೆ ನಕ್ಕರು. ಪದ್ಮಕ್ಕ ತಿರುಗಿದ ಕೂಡಲೇ ಪೇಪರಿಗೆ ಗಂಭೀರ ಮುಖ ಬಂತು. "ಸ್ವಲ್ಪ ದಿವಸ ಒಂದs ಕಡಿಗೆ ಕೂತ್ಬಿಡು" ಎಂದರು ಮೆಲ್ಲಗೆ. ಅಕ್ಕನ ಎದುರು ಇವರು ಈಗಲೂ ಚಡ್ಡಿ ಹಾಕಿದ ಹುಡುಗ.

ಮಾತಿಗೆ ಮಾತು ಕೊಟ್ಟೆ, ನಿಜ. ಆದರೆ 'ಬರೆ' ಎಂಬ ಆ ಶಬ್ದ ಒಳಗೆ ಚುಚ್ಚಿತು. ನಾನು ದೇವರನ್ನು ನಂಬಿದವಳು. ನಿಜಕ್ಕೂ ಅವನಿಗೆ ಸಿಟ್ಟು ಬಂದಿದ್ದರೆ? ಮರುದಿನ ಪೂಜೆಗೆ ಕುಳಿತಾಗ ಗಂಧ ತೇಯುವ ಕೈ ನಿಂತೇ ಹೋಯಿತು. ಆಗ ನನ್ನ ಮುಂಗೈ ಕಣ್ಣಿಗೆ ಬಿತ್ತು. ಹೋಳಿಗೆಯ ಹಂಚಿನದೊಂದು ಕಲೆ. ಜೋಳದ ಭಕ್ಕರಿಯದೊಂದು. ಕಾದ ಎಣ್ಣೆಯವಂತೂ ಸಾಸಿವೆಯ ಹಾಗೆ ಚೆಲ್ಲಾಡಿವೆ. ಇವೆಲ್ಲ ಬಂದಾಗ "ದೇವರು ಬರೆ ಹಾಕಿದ್ದಾನೆ, ಇನ್ನು ಅಡುಗೆ ಮಾಡಬೇಡ" ಎಂದು ಒಬ್ಬರಾದರೂ ಹೇಳಿದ್ದರೇ? ಒಲೆ ಸುಟ್ಟರೆ ಅದು ಕೆಲಸ, ಸೈಲೆನ್ಸರ್ ಸುಟ್ಟರೆ ಶಾಪ. ಇದು ಯಾವ ಲೆಕ್ಕ?

ಗಂಧ ತೇಯ್ದು ಮುಗಿಸಿದೆ. ಅಟ್ಟ ಹತ್ತಿದೆ.

ನಮ್ಮ ಕಡೆ ಗೃಹಪ್ರವೇಶಕ್ಕೆ ಸ್ಟೀಲಿನ ಸಾಮಾನು ಕೊಡುವವರು ಹೆಸರು ಕೊರೆಸಿಯೇ ಕೊಡುತ್ತಾರೆ. ನಾಳೆ ಯಾರು ಕೊಟ್ಟರೆಂದು ಮರೆಯಬಾರದಲ್ಲ! ಪೈಪಿಗೆ ಗಾರ್ಡ್ ಮಾಡಲು ಆಗುವಷ್ಟು ದಪ್ಪನೆಯ ಊಟದ ತಾಟು ಅಟ್ಟದಲ್ಲಿ ಇದ್ದದ್ದು ಒಂದೇ. ಅಂಚಿನ ಹತ್ತಿರ ಕೊರೆದಿತ್ತು: 'ಸೌ. ಪದ್ಮಾ, ಚಿತ್ತಾಪುರ'. ಒಂದು ಕ್ಷಣ ಯೋಚಿಸಿದೆ. ಒಂದೇ ಕ್ಷಣ.

ಅಂಗಡಿಯಲ್ಲಿ ಖಾಜಾ ಆಗಲೇ ಪೈಪಿಗೆ ಬಿಸಿ ತಡೆಯುವ ಪಟ್ಟಿ ಸುತ್ತಿದ್ದ. ಗಾಡಿ ಚಾಲು ಮಾಡಿಸಿ ಕೈ ಹತ್ತಿರ ಹಿಡಿದೆ. ಪಟ್ಟಿಯೂ ಕಾದಿತ್ತು.

"ಅಂಟಿಸಿದ್ರ ಅದೂ ಕಾಯ್ತದ ಖಾಜಾ. ನಡುವ ಗಾಳಿ ಬಿಡು. ಈ ತಾಟು ಕತ್ತರಿಸಿ, ತೂತು ಹೊಡದು, ಪೈಪಿಗೆ ತಾಗದ್ಹಂಗ ಎತ್ತರಿಸಿ ಕೂಡಿಸು."

"ಉಣ್ಣೂ ತಾಟು ಅಕ್ಕಾರ! ಖರೇನ ಕತ್ತರಿಸ್ಲೇನ್ರಿ?"

"ಕತ್ತರಿಸು."

ಪಕ್ಕದ ಚಹಾದ ಅಂಗಡಿಯವರೆಲ್ಲ ಬಂದು ನಿಂತರು. "ನಾಳಿ ಕುಕ್ಕರ್ ತರ್ತಾರ ನೋಡು" ಎಂದ ಒಬ್ಬ. ತರುತ್ತೇನೆ, ಬೇಕಾದರೆ! ಖಾಜಾ ಕತ್ತರಿಸಿದ, ಬಾಗಿಸಿದ, ಕ್ಲಾಂಪು ಹಾಕುವ ಮೊದಲು ಅಕ್ಷರ ಓದಿ ನಿಂತ.

"ಹೆಸರು ಒಳಗ ಮಾಡ್ಲೇನ್ರಿ, ಹೊರಗ?"

"ಹೊರಗ."

ಗಾಡಿ ಕಾದ ಮೇಲೆ ತಾಟಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಅಷ್ಟೇ. ದೇವರು ದೊಡ್ಡವನು.

ಮುಂದಿನ ಗುರುವಾರ ಬಂತು. ಕಚ್ಚೆ ಉಟ್ಟು, ಡಬ್ಬಿ ಹಿಡಿದು, ಎರಡೂ ಕಡೆ ಕಾಲು ಹಾಕಿ ಕುಳಿತೆ. ಮನೆಯವರು ಅಕ್ಕನ ಕಡೆ ನೋಡದೆ ಹೆಲ್ಮೆಟ್ ಹಾಕಿಕೊಂಡರು. ಪದ್ಮಕ್ಕ ಗೇಟಿನಲ್ಲಿ ನಿಂತವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಓದಿದರು.

"ಅಯ್ಯ, ನನ್ನ ತಾಟು! ನನ್ನ ಹೆಸರು ಒಯ್ದು ಕಾಲಿನ ಹತ್ರ ಹಾಕೀದೇನs ಹುಚ್ಚಿ?"

"ಕಾಲಿನ ಹತ್ರ ಅಲ್ಲ ಅಕ್ಕಾ. ಕಾಲಿಗೂ ಬೆಂಕಿಗೂ ನಡುವ."

ಅವರು ಇನ್ನಷ್ಟು ಬಗ್ಗಿದರು. ಸೆರಗಿನ ತುದಿಯಿಂದ ಅಕ್ಷರಗಳ ಮೇಲಿನ ಧೂಳು ಒರೆಸಿದರು. ಮೊದಲು ನೋಡಿದ್ದು ಮುತ್ತೈದೆತನದ ಆ 'ಸೌ.' ಕತ್ತರಿಸಿ ಹೋಗಿದೆಯೋ ಎಂದು. ಹೋಗಿರಲಿಲ್ಲ. (ಖಾಜಾನಿಗೆ ಅದನ್ನು ಎರಡು ಸಲ ಹೇಳಿದ್ದೆ.) "ಹೋಗ್ರಿ, ಹೊತ್ತಾಗ್ತದ" ಎಂದು ಗೇಟು ತೆಗೆದರು.

ಕಾಲಿಗೂ ಬೆಂಕಿಗೂ ನಡುವೆ: ಮನೆಯ ಹಿರಿಯರು ನಿಲ್ಲಬೇಕಾದ ಜಾಗ ಅದೇ ಅಲ್ಲವೇ?