ಕೈಗುಣವೂ ಎಂ.ಕಾಂ. ಪರೀಕ್ಷೆಯೂ

ನನ್ನ ಬಲಗೈಗೆ ಒಂದು ಕಾಲದಲ್ಲಿ ಪುತ್ತೂರಿನಲ್ಲಿ ಹೆಸರಿತ್ತು. ಹೀಗೆ ಬರೆಯುವಾಗ ನನಗೇ ನಗು ಬರುತ್ತದೆ. ಆ ಹೆಸರಿನಲ್ಲಿ ನಂಬಿಕೆ ಇಲ್ಲದಿದ್ದವನು ಆಗ ಪೇಟೆಯಲ್ಲಿ ಬಹುಶಃ ನಾನೊಬ್ಬನೇ.

ಅರವತ್ತರ ದಶಕದ ಆರಂಭ. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ ಬಂದ ನಾನು ಪುತ್ತೂರಿನ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದೆ. ಬ್ಯಾಂಕಿನಲ್ಲಿ ಕೆಲಸ ಸಿಗುವ ತನಕ ಎಂದುಕೊಂಡು ಸೇರಿದ್ದು, ಅದು ಸಿಗಲಿಲ್ಲ. ಸುಮ್ಮನೆ ಕುಳಿತಿರುವ ಸ್ವಭಾವ ನನ್ನದಲ್ಲ. ಖಾಸಗಿಯಾಗಿ ಎಂ.ಕಾಂ.ಗೆ ಕಟ್ಟಿದೆ. ಅದರಲ್ಲಿ ವಿಶೇಷ ವಿಷಯವಾಗಿ ಆರಿಸಿಕೊಂಡದ್ದು ಚಿಲ್ಲರೆ ವ್ಯಾಪಾರದ ನಿರ್ವಹಣೆಯನ್ನು. ಇಡೀ ದಿನ ಅಂಗಡಿಯಲ್ಲೇ ಇರುವವನಿಗೆ ಅದು ಸುಲಭವಾದೀತು ಎಂದು ಭಾವಿಸಿದ್ದೆ.

ಆಗಲಿಲ್ಲ. ಪುಸ್ತಕಗಳೆಲ್ಲ ಇಂಗ್ಲೆಂಡು, ಅಮೆರಿಕದ ದೊಡ್ಡ ಮಳಿಗೆಗಳನ್ನು ಕುರಿತು ಬರೆದವು. ಅಲ್ಲಿ ಗಿರಾಕಿ ಒಬ್ಬನೇ ಬರುತ್ತಾನೆ, ಬೆಲೆಯ ಚೀಟಿ ನೋಡುತ್ತಾನೆ, ಬೇಕಾದ್ದನ್ನು ತೆಗೆದುಕೊಂಡು ಹೋಗುತ್ತಾನೆ. ನಮ್ಮಲ್ಲಿ ಗಿರಾಕಿ ಎಂದರೆ ಒಂದು ಜೀಪು ತುಂಬ ಜನ. ಚಪ್ಪಲಿ ಹೊರಗೆ ಬಿಟ್ಟು, ಬಿಳಿ ಹಾಸಿನ ಮೇಲೆ ಕುಳಿತು, ಕಾಫಿ ಕುಡಿದು, ನೆಂಟರ ಸುದ್ದಿಯೆಲ್ಲ ಮುಗಿಸಿ, ಆಮೇಲೆ “ಎಂತಾದ್ರೂ ತೋರ್ಸಿ, ನೋಡುವ” ಎನ್ನುತ್ತಿದ್ದರು. ಮಧ್ಯಾಹ್ನ ಸುಳ್ಯದ ಬಸ್ಸು ಹೋದ ಮೇಲೆ ಅಂಗಡಿ ಖಾಲಿಯಾಗುತ್ತಿತ್ತು. ಆಗ ಬಟ್ಟೆಯ ಥಾನುಗಳಿಗೆ ಒರಗಿ, ಈ ಜನರ ಸುಳಿವೇ ಇಲ್ಲದ ಆ ಪುಸ್ತಕಗಳನ್ನು ಓದುತ್ತಿದ್ದೆ.

ಕೈಗುಣದ ಮಾತು ಹೇಗೆ ಶುರುವಾಯಿತೆಂದು ಖಚಿತವಾಗಿ ಹೇಳಲಾರೆ. ಮದುವೆಯ ಜವಳಿ ತೆಗೆಯಲು ಬಂದವರು ಎಲ್ಲಕ್ಕಿಂತ ಮೊದಲು ಮದುಮಗಳ ರವಿಕೆಯ ಬಟ್ಟೆಯನ್ನು ಕತ್ತರಿಸಿಕೊಳ್ಳುತ್ತಿದ್ದರು. ಆ ಮೊದಲ ಕತ್ತರಿ ಹಾಕುವವರು ಯಾರೆಂದು ಹೆಂಗಸರು ಗಮನಿಸುತ್ತಿದ್ದರು. ಮರ್ಕಂಜದ ಕಡೆಯ ಒಂದು ಮನೆಯಲ್ಲಿ ಮಗಳಿಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗಿ, ಕೊನೆಗೆ ಒಂದು ಗಟ್ಟಿಯಾಗಿತ್ತು. ಅವಳ ಬಟ್ಟೆ ಕತ್ತರಿಸಿದವನು ನಾನು. ಮರ್ಕಂಜವೇ ಎಂದು ಈಗ ನನ್ನ ಮನಸ್ಸು ಹೇಳುತ್ತದೆ. ಬೇರೆ ಊರೂ ಇದ್ದೀತು. ಮದುವೆ ಸುಸೂತ್ರವಾಗಿ ನಡೆಯಿತು, ವರ್ಷ ತುಂಬುವುದರೊಳಗೆ ಗಂಡುಮಗು ಹುಟ್ಟಿತು. ಆಮೇಲೆ ಅವರ ನೆಂಟರು ಬಂದರು, ನೆಂಟರ ನೆಂಟರು ಬಂದರು. “ಆ ಕನ್ನಡಕದವರು ಇಲ್ವಾ? ಅವರ ಕೈಗುಣ ಒಳ್ಳೆದುಂಟಂತೆ” ಎಂದು ಮೆಟ್ಟಿಲಲ್ಲೇ ಕೇಳುತ್ತಿದ್ದರು.

ನನ್ನ ಕೈಯಿಂದ ಬಟ್ಟೆ ಕತ್ತರಿಸಿಕೊಂಡು ಹೋದವರಲ್ಲಿ ಸುಖ ಕಾಣದವರೂ ಇದ್ದಿರಲೇಬೇಕು. ಅವರು ಅಂಗಡಿಗೆ ಬಂದು ಅದನ್ನು ಹೇಳುವುದಿಲ್ಲ, ಅಷ್ಟೇ. ನನ್ನ ಜೊತೆಗೆ ಬಟ್ಟೆ ತೋರಿಸುತ್ತಿದ್ದ ಗೆಳೆಯನಿಗೆ ಈ ತರ್ಕವನ್ನು ವಿವರಿಸಿದರೆ, “ಪ್ರೊಫೆಸರ್ರೆ, ಮೆಟ್ಟಿಲು ಹತ್ತಿ ಬಂದ ಲಕ್ಷ್ಮಿಗೆ ಪ್ರಶ್ನೆ ಕೇಳಿ ಓಡಿಸ್ಬೇಡಿ ಮಾರಾಯ್ರೆ” ಎನ್ನುತ್ತಿದ್ದ.

ಕೊನೆಯ ವರ್ಷದ ಪರೀಕ್ಷೆ ಮೇ ತಿಂಗಳಲ್ಲಿ ಬಿತ್ತು, ಮೈಸೂರಿನಲ್ಲಿ. ಮೇ ಎಂದರೆ ಮದುವೆಗಳ ತಿಂಗಳು. ನಾನು ಓದಿದ್ದ ಪಠ್ಯಕ್ರಮದಲ್ಲಿ ಪರೀಕ್ಷೆ ನಡೆಯುವುದು ಅದೇ ಕೊನೆಯ ಸಲ. ತಪ್ಪಿಸಿಕೊಂಡರೆ ಹೊಸ ಪುಸ್ತಕಗಳನ್ನು ಹಿಡಿದು ಮತ್ತೆ ಮೊದಲಿಂದ ಆರಂಭಿಸಬೇಕು. ಅಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಅಂಗಡಿಯ ಧಣಿಗಳಲ್ಲಿ ರಜೆ ಕೇಳಿದೆ.

“ಪರೀಕ್ಷೆ ಇಡ್ಲಿಕ್ಕೆ ಅವರಿಗೆ ಬೇರೆ ತಿಂಗಳು ಸಿಗ್ಲಿಲ್ವಾ ಮಾರಾಯ?”

“ನಾನು ಇಟ್ಟದ್ದಲ್ಲ ಧಣಿಗಳೇ.”

“ಅದೇ ವಾರ ಇಚಿಲಂಪಾಡಿಯವರು ಜವಳಿಗೆ ಬರುದು. ಜೋಯಿಸರಲ್ಲಿ ಕೇಳಿ ದಿನ ಇಟ್ಟಾಗಿದೆ. ಅವರು ಬರುದು ನನ್ನ ಬಟ್ಟೆ ನೋಡಿ ಅಂತ ಮಾಡಿದ್ದೀಯಾ? ನಿನ್ನ ಕೈ ನೋಡಿ. ನೀನಿಲ್ಲ ಅಂದ್ರೆ ಸೀದಾ ಎದುರಿನ ಅಂಗಡಿಗೆ ಹತ್ತುದೇ.” ಮತ್ತೆ ಸೇರಿಸಿದರು: “ಅವರದ್ದು ಮುಗಿಸಿ ಹೋಗು. ಮೊದಲೇ ಹೋಗುದಾದ್ರೆ, ಹೋದಲ್ಲೇ ಇದ್ದುಬಿಡು.”

ಅವರು ಕ್ರೂರಿಯಲ್ಲ. ದೊಡ್ಡ ಮನೆತನದ ಜವಳಿಯೊಂದು ಕೈತಪ್ಪಿದರೆ ಮುಂದೆ ಅವರ ನೆಂಟರೆಲ್ಲ ತಪ್ಪಿಹೋಗುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಗಿರಾಕಿ ಒಂದು ಅಂಗಡಿಯನ್ನು ಏಕೆ ಆರಿಸುತ್ತಾನೆ ಎಂಬ ಅಧ್ಯಾಯವನ್ನು ನಾನು ಬಾಯಿಪಾಠ ಮಾಡಿದ್ದೆ: ಬೆಲೆ, ಗುಣಮಟ್ಟ, ಅಂಗಡಿ ಇರುವ ಜಾಗ, ಮರ್ಯಾದೆಯ ಮಾತು. ಮಾರುವವನ ಕೈ ಅದರಲ್ಲಿ ಎಲ್ಲೂ ಇರಲಿಲ್ಲ. ನಾನು ನಂಬದ ವಸ್ತುವೊಂದು ನನ್ನದೇ ತೋಳಿನ ತುದಿಯಲ್ಲಿದ್ದು ನನ್ನನ್ನು ಕಟ್ಟಿಹಾಕಿತ್ತು.

ಇಚಿಲಂಪಾಡಿಯ ಮದುಮಗಳ ದೊಡ್ಡಮ್ಮ ಕೆಲವು ದಿನ ಮೊದಲೇ ಪುತ್ತೂರಿನ ಆಸ್ಪತ್ರೆಗೆಂದು ಬಂದವರು ನಮ್ಮ ಅಂಗಡಿಗೂ ಬಂದರು. ಆ ಮನೆಯಲ್ಲಿ ಅವರದ್ದೇ ಕೊನೆಯ ಮಾತು ಎಂದು ಎಲ್ಲರಿಗೂ ತಿಳಿದಿತ್ತು.

“ಆ ದಿನ ನೀವು ಇರ್ಲೇಬೇಕು, ಆಯ್ತಾ?” ಎಂದರು ನನಗೆ.

“ನನಗೆ ಪರೀಕ್ಷೆ ಉಂಟಮ್ಮ, ಮೈಸೂರಲ್ಲಿ.”

“ಪರೀಕ್ಷೆಯಾ? ಈ ಪ್ರಾಯದಲ್ಲಿ? ಮೊದಲು ಫೇಲಾದದ್ದಾ?”

“ಫೇಲಾದದ್ದಲ್ಲ. ಇದು ದೊಡ್ಡ ಪರೀಕ್ಷೆ, ವ್ಯಾಪಾರದ್ದು.”

“ವ್ಯಾಪಾರ ಕಲೀಲಿಕ್ಕೆ ಮೈಸೂರಿಗೆ ಹೋಗುದಾದ್ರೆ, ಇಷ್ಟು ದಿನ ಇಲ್ಲಿ ಮಾಡಿದ್ದೆಂತ?”

ಗೆಳೆಯ ಥಾನಿನ ಹಿಂದೆ ಮುಖ ಮರೆಸಿಕೊಂಡು ನಕ್ಕ. ಗಲ್ಲಾದಲ್ಲಿ ಕುಳಿತಿದ್ದ ಧಣಿಗಳು ನಗಲಿಲ್ಲ. ಆಗ ನಾನು ಹಾಸಿನ ಮೇಲಿದ್ದ ಕತ್ತರಿಯನ್ನು ಎತ್ತಿ ಅವರ ಮುಂದೆ ಇಟ್ಟೆ. “ಅಮ್ಮ, ನನ್ನ ಕೈಯಲ್ಲಿ ಎಂತ ಉಂಟು? ಅಷ್ಟೂ ಮದುವೆಯ ಬಟ್ಟೆ ಕತ್ತರಿಸಿದ್ದು ಇದೇ ಕತ್ತರಿ. ಇದು ಇಲ್ಲೇ ಇರ್ತದೆ” ಎಂದೆ.

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವರು ಕತ್ತರಿಯನ್ನು ಕೈಗೆ ತೆಗೆದುಕೊಂಡು ಎರಡು ಸಲ ತೆರೆದು ಮುಚ್ಚಿ ನೋಡಿದರು. “ಹಾಗಾದ್ರೆ ನಾವು ಬರುವ ತನಕ ಇದರಲ್ಲಿ ಬೇರೆ ಯಾರಿಗೂ ಕತ್ತರಿಸ್ಬೇಡಿ” ಎಂದು ಧಣಿಗಳ ಕಡೆ ತಿರುಗಿ ಹೇಳಿದರು. ಧಣಿಗಳು ಕತ್ತರಿಯನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಗಲ್ಲಾದೊಳಗೆ ಇಟ್ಟರು. ದೊಡ್ಡಮ್ಮ ಮೆಟ್ಟಿಲಿಳಿದ ಮೇಲೆ ನನಗೆ, “ಹೋಗು ಮಾರಾಯ, ಬರೆದು ಬಾ” ಎಂದರು.

ಇಲ್ಲಿ ಒಂದು ತಕರಾರು ಇದೆ. ಕತ್ತರಿಯ ಮಾತು ತನ್ನದು ಎನ್ನುತ್ತಾನೆ ಗೆಳೆಯ. ನಾನು ಉತ್ತರ ತೋಚದೆ ನಿಂತಿದ್ದಾಗ ತಾನೇ ಥಾನಿನ ಹಿಂದಿನಿಂದ ಬಂದು ಅದನ್ನು ಹೇಳಿದ್ದಂತೆ. ಅವನ ಕಥೆಯನ್ನು ತಳ್ಳಿಹಾಕಲು ನನ್ನಲ್ಲಿ ಸಾಕ್ಷ್ಯವಿಲ್ಲ. ಕತ್ತರಿಯ ತಣ್ಣನೆಯ ಹಿಡಿ ಅಂಗೈಗೆ ತಾಗಿದ್ದು ನನಗೆ ನೆನಪಿದೆ. ಆದರೆ ದಿನಾ ಹಿಡಿಯುತ್ತಿದ್ದ ಕತ್ತರಿ ಅದು. ಯಾವ ದಿನದ ತಂಪು ಎಂದು ಹೇಗೆ ಹೇಳಲಿ? ಜಾಣತನದ ಮಾತುಗಳನ್ನೆಲ್ಲ ನೆನಪು ತನ್ನ ಯಜಮಾನನ ಬಾಯಲ್ಲೇ ಇಡುತ್ತದೆ ಎಂಬುದನ್ನು ಇತರರ ವಿಷಯದಲ್ಲಿ ಸಾಕಷ್ಟು ನೋಡಿದ್ದೇನೆ.

ಸುಳ್ಯ, ಮಡಿಕೇರಿ ದಾಟಿ ಮೈಸೂರಿಗೆ ಹೋದೆ. ಅಂಗಡಿಯೊಂದರ ಮೇಲೆ ಜನರಿಗೆ ವಿಶ್ವಾಸ ಬೆಳೆಯುವುದು ಹೇಗೆ ಎಂಬ ಪ್ರಶ್ನೆ ಬಂದಿತ್ತು. ಲೇಖನಿ ಹಿಡಿದ ಬಲಗೈಯನ್ನು ಒಮ್ಮೆ ನೋಡಿದೆ. ಇಚಿಲಂಪಾಡಿಯ ದೊಡ್ಡಮ್ಮನನ್ನು ಇಂಗ್ಲಿಷಿನಲ್ಲಿ ಪರೀಕ್ಷಕರ ಮುಂದೆ ನಿಲ್ಲಿಸುವ ಧೈರ್ಯವಾಗಲಿಲ್ಲ. ಬೆಲೆ, ಗುಣಮಟ್ಟ, ಜಾಗ, ಮರ್ಯಾದೆಯ ಮಾತು ಎಂದೇ ಬರೆದೆ. ಎರಡನೆಯ ದರ್ಜೆಯಲ್ಲಿ ಪಾಸಾದೆ.

ನಾನಿಲ್ಲದಾಗ ಇಚಿಲಂಪಾಡಿಯ ಜವಳಿ ಚೆನ್ನಾಗಿಯೇ ನಡೆದಿತ್ತು. ಗೆಳೆಯ ಆ ಕತ್ತರಿಯಿಂದಲೇ ಮೊದಲ ಬಟ್ಟೆ ಕತ್ತರಿಸಿದ್ದ. ಮದುವೆಯೂ ಸುಸೂತ್ರವಾಯಿತು. ಫಲಿತಾಂಶ ತಿಳಿಸಿದಾಗ ಧಣಿಗಳು ನಿಜವಾಗಿಯೂ ಸಂತೋಷಪಟ್ಟು ಹೋಟೆಲಿನಿಂದ ಎಲ್ಲರಿಗೂ ಬನ್ಸು ತರಿಸಿದರು. “ಇನ್ನು ಎಂತ ಓದುದಿದ್ರೂ ಓದು ಮಾರಾಯ. ರಜೆಗೆ ತೊಂದರೆ ಇಲ್ಲ” ಎಂದರು. ಬನ್ಸು ತಿನ್ನುತ್ತಲೇ ಆ ಮಾತು ಎಲ್ಲೋ ಚುಚ್ಚಿತು.

ಮುಂದಿನ ಮದುವೆಯ ಕಾಲಕ್ಕೆ ಜನ ಮೆಟ್ಟಿಲಲ್ಲಿ ನನ್ನನ್ನು ಕೇಳುವುದು ನಿಂತಿತ್ತು. “ಆ ಕತ್ತರಿ ಉಂಟಲ್ಲ?” ಎನ್ನುತ್ತಿದ್ದರು. ಒಂದು ದಿನ ಕಡಬದ ಕಡೆಯ ತಾಯಿ ಮಗಳು ಬಂದಾಗ ನಾನು ಅಭ್ಯಾಸದಿಂದ ಕತ್ತರಿಗೆ ಕೈ ಚಾಚಿದೆ.

“ನೀವು ಬೇಡ, ಬೇಜಾರು ಮಾಡ್ಬೇಡಿ” ಎಂದಳು ತಾಯಿ. ಗೆಳೆಯನನ್ನು ತೋರಿಸಿ, “ಇಚಿಲಂಪಾಡಿಯವರಿಗೆ ಕತ್ತರಿಸಿದ್ದು ಇವರಲ್ವಾ? ಇವರೇ ಕತ್ತರಿಸ್ಲಿ” ಎಂದಳು.

ನಾನು ಕತ್ತರಿಯನ್ನು ಗೆಳೆಯನ ಕಡೆ ಸರಿಸಿ ಪಕ್ಕಕ್ಕೆ ನಿಂತೆ. ನನಗೆ ನೆನಪಿರುವುದು ಹಾಗೆ. ಗೆಳೆಯ ಒಪ್ಪುವುದಿಲ್ಲ. ನಾನು ಕತ್ತರಿಯನ್ನು ಬಿಡದೆ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ, “ಅಮ್ಮ, ಮೊದಲು ಗುಣ ಇದ್ದದ್ದು ನನ್ನ ಕೈಯಲ್ಲಿ! ಮರ್ಕಂಜದವರನ್ನು ಕೇಳಿ ನೋಡಿ!” ಎಂದೆನಂತೆ.

ನಾನು ಅಂಥ ಮಾತನ್ನು ಆಡುವವನಲ್ಲ. ಆದರೂ ಅವನು ಅದನ್ನು ಹೇಳಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ಆ ಬೇಸಗೆಯಲ್ಲೇ ಒಂದು ಕಾಲೇಜಿನ ಅಧ್ಯಾಪಕನ ಕೆಲಸಕ್ಕೆ ಅರ್ಜಿ ಹಾಕಿದೆ, ಸಿಕ್ಕಿತು. ಹೊರಡುತ್ತೇನೆಂದು ಹೇಳಿದಾಗ ಧಣಿಗಳು ನನಗೊಂದು ಪಂಚೆ ಕೊಟ್ಟು ಹರಸಿದರು. ಇರು ಎನ್ನಲಿಲ್ಲ.